ಮರಳಿನೊಳಗಿನ ಮೀಸೆಗಳು

ಗಾಜಿನ ನಳಿಗೆಯಲ್ಲಿ 5 ಮಿಲಿಲೀಟರ್ ನೀರು. ಅದಕ್ಕೆ ಎರಡು ಸೀಸೆಗಳಿಂದ ಎಂಟೆಂಟು ಹನಿ ಹಾಕಿ, ಚೆನ್ನಾಗಿ ಕುಲುಕಿ, ಐದು ನಿಮಿಷ ಬಿಟ್ಟು ನೋಡಬೇಕು. ಬಣ್ಣ ಹಳದಿಯಾಗಿಯೇ ಉಳಿದರೆ ನೀರಿನಲ್ಲಿ ಅಮೋನಿಯಾ ಇಲ್ಲ. ನನ್ನ ನಳಿಗೆ ಎರಡನೇ ನಿಮಿಷಕ್ಕೇ ಗಿಳಿಹಸಿರಿಗೆ ತಿರುಗಿತು, ಐದು ತುಂಬುವಷ್ಟರಲ್ಲಿ ಕಡುಹಸಿರಾಯಿತು. ಬಣ್ಣದ ಪಟ್ಟಿಯ ಪಕ್ಕದಲ್ಲಿ ಹಿಡಿದು ನೋಡಿದರೆ ಲೀಟರಿಗೆ 4 ಮಿಲಿಗ್ರಾಂ. ಅಷ್ಟು ಹೊತ್ತಿಗೆ ಎರಡು ಗೋಲ್ಡ್‌ಫಿಶ್‌ಗಳಲ್ಲಿ ಒಂದು ಸತ್ತು ಒಂದು ದಿನವಾಗಿತ್ತು. ಇನ್ನೊಂದು ನೀರಿನ ಮೇಲ್ಮೈಗೆ ಬಾಯಿ ಹಚ್ಚಿಕೊಂಡು ತೇಲುತ್ತಿತ್ತು. ಅದರ ಕಿವಿರಿನ ಅಂಚು ಬೆಂದಂತೆ ಕೆಂಪಾಗಿತ್ತು.

ನಾನು ಅವುಗಳನ್ನು ಕಡೆಗಣಿಸಿದ್ದರೆ ಮನಸ್ಸಿಗೆ ಅಷ್ಟು ಹತ್ತುತ್ತಿರಲಿಲ್ಲವೇನೋ. ಪ್ರತಿ ಭಾನುವಾರ ಎರಡನ್ನೂ ಬಕೆಟ್ಟಿಗೆ ಬಿಟ್ಟು, 40 ಲೀಟರಿನ ಆ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಗಾಜನ್ನು ಫಳಫಳ ಹೊಳೆಯುವಂತೆ ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಕೊಳೆಯ ಗುರುತೂ ಉಳಿಯದಂತೆ ಹಿಂಡುತ್ತಿದ್ದೆ. ಸ್ವಚ್ಛ ಮಾಡುವುದೇ ಆರೈಕೆ ಎಂದು ನಂಬಿದ್ದೆ. ಆ ಕಂದು ಕೊಳೆಯಲ್ಲೇ ನನ್ನ ಮೀನುಗಳ ಪ್ರಾಣವಿತ್ತು ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ.

ಮೀನಿನ ದೇಹದಿಂದ ಅಮೋನಿಯಾ ಹೊರಬೀಳುವುದು ಬಹುಪಾಲು ಕಿವಿರುಗಳ ಮೂಲಕ. ತಳದ ಮಲವನ್ನು ಎಷ್ಟೇ ಎತ್ತಿ ಹಾಕಿದರೂ ಉಸಿರಾಟದ ಜೊತೆಗೇ ವಿಷ ನೀರಿಗೆ ಸೇರುತ್ತಿರುತ್ತದೆ. ಅದನ್ನು ಅರಗಿಸುವುದು ಸ್ಪಂಜಿನ ರಂಧ್ರಗಳಲ್ಲಿ, ಮರಳಿನಲ್ಲಿ, ಗಾಜಿನ ಮೇಲೆ ನೆಲೆಸುವ ಬ್ಯಾಕ್ಟೀರಿಯಾ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಕೊಲ್ಲುವಂಥವು. ಮೂರನೆಯದು ಮಿತಿಯಲ್ಲಿದ್ದರೆ ಮೀನು ತಡೆದುಕೊಳ್ಳುತ್ತದೆ, ನೀರು ಬದಲಾಯಿಸಿದಾಗ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾನಾದರೋ ಏಳೇಳು ದಿನಕ್ಕೊಮ್ಮೆ ಕ್ಲೋರಿನ್ ಇರುವ ನಲ್ಲಿ ನೀರಿನಿಂದ ಅವುಗಳನ್ನು ತೊಳೆದು ಹಾಕುತ್ತಿದ್ದೆ. ಇಂಗ್ಲೆಂಡಿನಲ್ಲಿ ಗೋಲ್ಡ್‌ಫಿಶ್ ಒಂದು 43 ವರ್ಷ ಬದುಕಿ 1999ರಲ್ಲಿ ಸತ್ತದ್ದು ದಾಖಲೆಯಲ್ಲಿದೆ. ನನ್ನದು ಏಳು ವಾರ ಬದುಕಿತು.

ಉಳಿದ ಒಂದನ್ನು ಉಳಿಸಿಕೊಳ್ಳುವುದೇ ಮುಂದಿನ ಒಂದೂವರೆ ತಿಂಗಳ ಕೆಲಸವಾಯಿತು. ಬೆಳಿಗ್ಗೆ ಎದ್ದ ಕೂಡಲೇ ನಳಿಗೆ ಹಿಡಿಯುವುದು, ಸಂಜೆ ಅರ್ಧದಷ್ಟು ನೀರು ಬದಲಾಯಿಸುವುದು, ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ತೊಟ್ಟಿಯಷ್ಟೇ ಬಿಸುಪಿದೆಯೇ ಎಂದು ಕೈಯಿಟ್ಟು ನೋಡಿ ಸುರಿಯುವುದು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಸಾಕೆಂದು ಹಲವರು ಹೇಳುತ್ತಾರೆ. ಬರೀ ಕ್ಲೋರಿನ್ ಇದ್ದರೆ ಅದು ಆವಿಯಾಗಿ ಹೋಗುತ್ತದೆ ನಿಜ. ಆದರೆ ಕ್ಲೋರಿನ್ ಮತ್ತು ಅಮೋನಿಯಾ ಕೂಡಿದ ಕ್ಲೋರಮೈನ್ ಬೆರೆಸಿದ ನೀರು ಒಂದು ರಾತ್ರಿಯಲ್ಲಿ ಹಾಗೆ ಸುಮ್ಮನೆ ತಿಳಿಯಾಗುವುದಿಲ್ಲ, ಅದಕ್ಕೆ ದ್ರಾವಣವೇ ಬೇಕು. ಎರಡನೇ ವಾರ ಮೀನಿನ ಬಾಲದ ಅಂಚಿನಲ್ಲಿ, ಕಿವಿರಿನ ಮುಚ್ಚಳದ ಮೇಲೆ ಕಪ್ಪು ಕಲೆಗಳು ಎದ್ದವು. ಹೊಸ ರೋಗವೇ ಬಂತೆಂದು ಕೈಕಾಲು ತಣ್ಣಗಾದವು. ಆಮೇಲೆ ತಿಳಿಯಿತು, ಅಮೋನಿಯಾದಿಂದ ಸುಟ್ಟ ಜಾಗ ಮಾಯುವಾಗ ಗೋಲ್ಡ್‌ಫಿಶ್‌ನ ಚರ್ಮ ಹೀಗೆ ಕಪ್ಪಾಗುತ್ತದೆ. ಅದು ಗಾಯ ಗುಣವಾಗುತ್ತಿದ್ದ ಗುರುತು. ಮೂರನೇ ವಾರ ಅಮೋನಿಯಾ ಇಳಿದು ನೈಟ್ರೈಟ್ ಏರಿತು. ನೈಟ್ರೈಟ್ ರಕ್ತ ಸೇರಿದರೆ ಆಮ್ಲಜನಕ ಹೊರುವ ಶಕ್ತಿಯೇ ರಕ್ತಕ್ಕೆ ಹೋಗುತ್ತದೆ. ಲೀಟರಿಗೆ ಒಂದು ಗ್ರಾಂನಂತೆ ಉಪ್ಪು ಹಾಕಿದೆ, ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಆರನೇ ವಾರದ ಕೊನೆಗೆ ಒಂದು ಬೆಳಿಗ್ಗೆ ಎರಡೂ ನಳಿಗೆಗಳು ಶೂನ್ಯದ ಬಣ್ಣದಲ್ಲಿ ನಿಂತವು. ಮರುದಿನವೂ ಹಾಗೆಯೇ. ನಾನು ಆ ನಳಿಗೆಗಳನ್ನು ತೊಳೆಯದೆ ಸಂಜೆಯವರೆಗೆ ಕಿಟಕಿಯಲ್ಲಿ ಇಟ್ಟುಕೊಂಡಿದ್ದೆ.

ಅನಂತರವೇ ದೊಡ್ಡ ತೊಟ್ಟಿ ಬಂದದ್ದು. ನಾಲ್ಕಡಿ ಉದ್ದ, 250 ಲೀಟರ್. ನೀರೇ ಕಾಲು ಟನ್ ತೂಗುವುದರಿಂದ ಗಟ್ಟಿಮುಟ್ಟಾದ ಸ್ಟ್ಯಾಂಡ್ ಮೊದಲು ಬಂತು, ತೊಟ್ಟಿ ಆಮೇಲೆ. ಹಳೆಯ ಫಿಲ್ಟರನ್ನು ಹೊಸದರ ಪಕ್ಕದಲ್ಲಿ ಎರಡು ತಿಂಗಳು ಓಡಿಸಿದೆ, ಹಾಗಾಗಿ ಮತ್ತೆ ಮೊದಲಿನಿಂದ ಕಾಯಬೇಕಾಗಲಿಲ್ಲ. ಬದುಕುಳಿದದ್ದು ಫ್ಯಾನ್‌ಟೇಲ್, ಬೀಸಣಿಗೆಯಂತೆ ಬಾಲ ಹರಡಿದ ಗೋಲ್ಡ್‌ಫಿಶ್ ತಳಿ. ಅದಕ್ಕೆ ಎರಡು ಜೊತೆಗಾರ ಫ್ಯಾನ್‌ಟೇಲ್‌ಗಳನ್ನು ತಂದೆ. ತಳಕ್ಕೆ ಬಣ್ಣದ ಸಣ್ಣ ಕಲ್ಲುಗಳನ್ನು ಹಾಸಿದೆ.

ಆ ಕಲ್ಲುಗಳದ್ದೂ ಒಂದು ಕಥೆಯಾಯಿತು. ಗೋಲ್ಡ್‌ಫಿಶ್‌ಗೆ ಜಠರ ಎಂಬ ಅಂಗವೇ ಇಲ್ಲ, ಅನ್ನನಾಳದಿಂದ ನೇರವಾಗಿ ಕರುಳು. ತಿಂದದ್ದನ್ನು ಕೂಡಿಟ್ಟುಕೊಳ್ಳಲು ಜಾಗವಿಲ್ಲದ ಪ್ರಾಣಿ ದಿನವಿಡೀ ತಳವನ್ನು ಕೆದಕುತ್ತಲೇ ಇರುತ್ತದೆ. ಬಾಯ್ತುಂಬ ತಳದ ಹರಳು ತುಂಬಿಕೊಂಡು, ಒಳಗೇ ಜಾಲಿಸಿ, ತಿನ್ನುವುದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಉಗುಳುತ್ತದೆ. ಒಂದು ಸಂಜೆ ಹಳೆಯ ಫ್ಯಾನ್‌ಟೇಲ್ ಮೂಲೆಯಲ್ಲಿ ಬಾಯಿ ತೆರೆದುಕೊಂಡೇ ನಿಂತಿತ್ತು, ಮುಚ್ಚಲು ಆಗುತ್ತಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಗಂಟಲಿನಲ್ಲಿ ನೀಲಿ ಕಲ್ಲೊಂದು ಅಡ್ಡ ಸಿಕ್ಕಿಕೊಂಡಿದೆ.

ಕೈಯನ್ನು ತೊಟ್ಟಿಯ ನೀರಿನಲ್ಲೇ ಒದ್ದೆ ಮಾಡಿಕೊಂಡೆ, ಒಣಗಿದ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಮೀನನ್ನು ಅಂಗೈಯಲ್ಲಿ ತಲೆ ಕೆಳಗಾಗಿ ಹಿಡಿದೆ. ಅದರ ಎದೆ ನನ್ನ ಬೆರಳುಗಳ ನಡುವೆ ಪಟಪಟ ಬಡಿದುಕೊಳ್ಳುತ್ತಿತ್ತು. ಹೆಬ್ಬೆರಳಿನ ತುದಿಯಿಂದ ಗಂಟಲಿನ ಕೆಳಭಾಗವನ್ನು ಮೆಲ್ಲಗೆ, ಬಾಯಿಯ ಕಡೆಗೆ ಒತ್ತಿದೆ. ಏನೂ ಆಗಲಿಲ್ಲ. ನೀರಿಗೆ ಬಿಟ್ಟು ಅರೆ ನಿಮಿಷ ಉಸಿರಾಡಲು ಕೊಟ್ಟು ಮತ್ತೆ ಹಿಡಿದೆ. ಮೂರನೇ ಸಲ ಕಲ್ಲು ತುಸು ತಿರುಗಿದ್ದು ಬೆರಳಿಗೆ ಗೊತ್ತಾಯಿತು. ಮರುಕ್ಷಣ ಅದು ಟಪ್ಪನೆ ಬಕೆಟ್ಟಿಗೆ ಬಿತ್ತು. ಅವರೆಕಾಳಿಗಿಂತ ಚಿಕ್ಕದು. ಮೀನು ಎರಡು ಸಲ ಬಾಯಿ ಮುಚ್ಚಿ ತೆರೆದು, ಏನೂ ಆಗಿಲ್ಲವೆಂಬಂತೆ ಮತ್ತೆ ತಳ ಕೆದಕಲು ಹೊರಟಿತು. ನನ್ನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

ಆ ವಾರವೇ ಕಲ್ಲನ್ನೆಲ್ಲ ತೆಗೆದು ನುಣುಪಾದ ಸಣ್ಣ ಮರಳು ಹಾಕಿದೆ. ನೀರು ತಿಳಿಯಾಗಿ ಹರಿಯುವವರೆಗೆ ಮರಳನ್ನು ತೊಳೆದು ತೊಳೆದು ಸೊಂಟ ನೋವು ಬಂತು. ಮರಳು ನೋಡಿ, ಬಹಳ ಕಾಲದಿಂದ ಮೀನು ಸಾಕಿದ ಹಿರಿಯರೊಬ್ಬರು ಹೇಳಿದರು: "ಮರಳು ಹಾಕಿದ್ದೀರಲ್ಲಮ್ಮ, ಇನ್ನು ವೆದರ್ ಲೋಚ್ ಸಾಕಿ. ಗೋಲ್ಡ್‌ಫಿಶ್‌ನ ತಣ್ಣೀರು ಅವಕ್ಕೂ ಹಿಡಿಸುತ್ತದೆ. ಒಂಟಿಯಾಗಿ ಮಾತ್ರ ಇಡಬೇಡಿ." ಗೋಲ್ಡ್‌ಫಿಶ್ ಜೊತೆ ಸಾಕಬಹುದಾದ ಮೀನುಗಳು ಬಹಳ ಕಡಿಮೆ. ಬಿಸಿನೀರಿನ ಮೀನುಗಳಿಗೂ ಇವಕ್ಕೂ ಹೊಂದುವುದಿಲ್ಲ, ಬಾಯಿಗೆ ಹಿಡಿಯುವಷ್ಟು ಚಿಕ್ಕವನ್ನು ನುಂಗಿಬಿಡುತ್ತವೆ, ಚುರುಕಿನವು ಇವುಗಳ ಬಾಲ ಕಚ್ಚುತ್ತವೆ. ಪೂರ್ವ ಏಷ್ಯಾದ ಈ ಲೋಚ್‌ಗೆ ಆ ತಕರಾರು ಯಾವುದೂ ಇಲ್ಲ.

ಮೂರು ಲೋಚ್‌ಗಳು ಬಂದವು. ಬೆರಳುದ್ದ, ಹಾವಿನ ಮರಿಯಂಥ ಮೈ, ಹಸಿರುಗಂದು ಬಣ್ಣದ ಮೇಲೆ ಕಪ್ಪು ಚುಕ್ಕೆ. ನೇರವಾಗಿ ದೊಡ್ಡ ತೊಟ್ಟಿಗೆ ಬಿಡದೆ ಹಳೆಯ 40 ಲೀಟರಿನದರಲ್ಲಿ ನಾಲ್ಕು ವಾರ ಪ್ರತ್ಯೇಕವಾಗಿಟ್ಟೆ. ಒಂದು ತೀರಾ ಬಡಕಲಾಗಿತ್ತು, ತಿಂದರೂ ಮೈ ಹಿಡಿಯುತ್ತಿರಲಿಲ್ಲ. ಕರುಳಿನ ಹುಳುವಿಗೆ ಔಷಧ ಕೊಟ್ಟ ಮೇಲೆ ಸುಧಾರಿಸಿತು. ಈ ನಾಲ್ಕು ವಾರವನ್ನು ಯಾರೂ ತಪ್ಪಿಸಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಹೊಸ ಮೀನಿನ ರೋಗ ಹಳೆಯ ಮೀನಿಗೆ ಹತ್ತಿದ ಮೇಲೆ ಅಳುವುದಷ್ಟೇ ಉಳಿಯುತ್ತದೆ.

ದೊಡ್ಡ ತೊಟ್ಟಿಗೆ ಬಿಟ್ಟ ದಿನ ಮೂರೂ ಒಂದು ಕ್ಷಣ ತಳದ ಮೇಲೆ ಸುಮ್ಮನೆ ಮಲಗಿದ್ದವು. ಆಮೇಲೆ ಒಂದು ಮೂತಿಯನ್ನು ಓರೆ ಮಾಡಿ ಮರಳಿಗೆ ಒತ್ತಿತು, ಮೈಯನ್ನೊಮ್ಮೆ ಅಲೆಯಂತೆ ಬಳುಕಿಸಿತು, ಅಷ್ಟೇ. ಮೀನು ಇದ್ದಲ್ಲಿ ಬರೀ ಮರಳು. ಸ್ವಲ್ಪ ದೂರದಲ್ಲಿ ಎರಡು ಸಣ್ಣ ಕಣ್ಣುಗಳು ಮೇಲೆದ್ದವು, ಅವುಗಳ ಮುಂದೆ ಮೀಸೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಒಟ್ಟು ಹತ್ತು ಮೀಸೆ. ಪಾರ್ಶ್ವದವು ಅತ್ತಿತ್ತ ಚಾಚಿ ನೀರನ್ನು ಸವರುತ್ತಿದ್ದವು, ಕೆಳತುಟಿಯ ಗಿಡ್ಡ ಮೀಸೆಗಳು ಮರಳಿನ ಕಣಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದವು. ಅಲ್ಲಿ ಬಿದ್ದಿದ್ದ ಆಹಾರದ ಚೂರನ್ನು ಕಣ್ಣಿಗಿಂತ ಮೊದಲು ಮೀಸೆಯೇ ಕಂಡುಹಿಡಿಯಿತು. ಬಾಯಿಗೆ ಹೋದ ಮರಳು ಕಿವಿರಿನಿಂದ ಸಣ್ಣ ಹೊಗೆಯಂತೆ ಸೋರಿತು. ಚೂಪು ಕಲ್ಲಿನ ತಳದಲ್ಲಿ ಈ ಮೀಸೆಗಳು ಸವೆದು ಹೋಗುತ್ತವೆ. ಅಂಥ ತಳದಲ್ಲಿ ಲೋಚ್ ಸಾಕುವುದು ಅದರ ಕೈಗಳನ್ನು ಕಿತ್ತುಕೊಂಡಂತೆ.

ಊಟದ್ದೇ ಮೊದಲ ತೊಡಕು. ಮೂರು ಗೋಲ್ಡ್‌ಫಿಶ್‌ಗಳು ಹಾಕಿದ್ದನ್ನೆಲ್ಲ ಮುಳುಗುವ ಮೊದಲೇ ಮುಗಿಸುತ್ತಿದ್ದವು. ಈಗ ಅವಕ್ಕೆ ಸಂಜೆ ಸಿಪ್ಪೆ ತೆಗೆದ ಬೆಂದ ಬಟಾಣಿ ಕೊಟ್ಟು, ದೀಪ ಆರಿಸಿ, ಒಂದು ಗಂಟೆ ಕಳೆದ ಮೇಲೆ ಲೋಚ್‌ಗಳಿಗೆ ಮುಳುಗುವ ಗುಳಿಗೆ ಮತ್ತು ಹೆಪ್ಪುಗಟ್ಟಿಸಿದ ಕೆಂಪು ಹುಳುಗಳನ್ನು ಮೂರು ಕಡೆ ಹಾಕುತ್ತೇನೆ. ಕತ್ತಲಲ್ಲಿ ಗೋಲ್ಡ್‌ಫಿಶ್ ಮಂಕಾಗುತ್ತದೆ, ಲೋಚ್ ಚುರುಕಾಗುತ್ತದೆ.

ಎರಡನೇ ತೊಡಕು ನನ್ನ ಎದೆ ಒಡೆಸಿತು. ಒಂದು ಬೆಳಿಗ್ಗೆ ಮಗಳು ಕೂಗಿದಳು, "ಅಮ್ಮಾ, ಮೀಸೆ ಮೀನು ನೆಲದ ಮೇಲಿದೆ!" ಫಿಲ್ಟರಿನ ವೈರು ಹೋಗಲೆಂದು ಮುಚ್ಚಳದ ಮೂಲೆಯಲ್ಲಿ ಎರಡು ಬೆರಳಗಲದ ಸಂದಿ ಬಿಟ್ಟಿದ್ದೆ. ಅಲ್ಲಿಂದ ಹೊರಬಿದ್ದ ಲೋಚ್ ತೊಟ್ಟಿಯಿಂದ ಆರಡಿ ದೂರ ಹರಿದು ಬಂದು ಗೋಡೆಯ ಬದಿಯಲ್ಲಿ ಬಿದ್ದಿತ್ತು. ಮೈಗೆಲ್ಲ ಧೂಳು ಮೆತ್ತಿತ್ತು, ಬಾಲದ ತುದಿ ಒಣಗಿ ಮಡಚಿತ್ತು. ಸತ್ತೇ ಹೋಗಿದೆ ಎಂದುಕೊಂಡೇ ತೊಟ್ಟಿಯ ನೀರಿರುವ ಡಬ್ಬದಲ್ಲಿ ಇಟ್ಟೆ. ಮಗಳು ಕದಲದೆ ಪಕ್ಕದಲ್ಲಿ ಕುಳಿತಿದ್ದಳು. ಹತ್ತು ನಿಮಿಷದ ಮೇಲೆ ಕಿವಿರು ಒಮ್ಮೆ ತೆರೆಯಿತು. ಎಷ್ಟೋ ಹೊತ್ತಿನ ನಂತರ ಇನ್ನೊಮ್ಮೆ. ಮಧ್ಯಾಹ್ನದ ಹೊತ್ತಿಗೆ ಅದು ಡಬ್ಬದ ತಳದಲ್ಲಿ ಸರಿಯಾಗಿ ಮಲಗಿತ್ತು. ದಪ್ಪ ಲೋಳೆ ಮತ್ತು ಗಾಳಿಯನ್ನೇ ಉಸಿರಾಡಬಲ್ಲ ಕರುಳು, ಇವೆರಡೇ ಅದನ್ನು ಉಳಿಸಿದ್ದು. ಅಂದೇ ಆ ಸಂದಿಗೆ ಸ್ಪಂಜು ತುರುಕಿದೆ, ಫಿಲ್ಟರಿನ ಹೀರುಕೊಳವೆಯ ಬಾಯಿಗೂ ಸ್ಪಂಜು ಕಟ್ಟಿದೆ.

ಕರುಳಿನಿಂದ ಉಸಿರಾಡುವುದು ಎಂದರೆ ಹೇಗೆಂದು ಕಣ್ಣಾರೆ ನೋಡಬಹುದು. ತಳದಲ್ಲಿರುವ ಲೋಚ್ ಇದ್ದಕ್ಕಿದ್ದಂತೆ ನೆಟ್ಟಗೆ ಮೇಲಕ್ಕೆ ಚಿಮ್ಮಿ, ಚಪ್ ಎಂಬ ಸದ್ದಿನೊಂದಿಗೆ ಗಾಳಿ ನುಂಗಿ, ಬಾಗಿ ಕೆಳಗಿಳಿಯುತ್ತದೆ. ಇಳಿಯುವಾಗ ಗುದದ್ವಾರದಿಂದ ಹಳೆಯ ಗಾಳಿಯ ಗುಳ್ಳೆಗಳು ಸರದಂತೆ ಏಳುತ್ತವೆ. ಕರುಳಿನ ಹಿಂಭಾಗದ ತೆಳು ಗೋಡೆಯ ರಕ್ತನಾಳಗಳು ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಒಳ್ಳೆಯ ನೀರಿನಲ್ಲಿ ನನ್ನವು ಗಂಟೆಗೆ ಒಂದೆರಡು ಸಲ ಹೀಗೆ ಮೇಲೆ ಬರುತ್ತವೆ.

ಮೊದಲ ಬೇಸಿಗೆಯ ಒಂದು ಮಧ್ಯಾಹ್ನ ಐದು ನಿಮಿಷದಲ್ಲಿ ಒಂದೇ ಲೋಚ್ ನಾಲ್ಕು ಸಲ ಮೇಲೆ ಬಂತು. ಗೋಲ್ಡ್‌ಫಿಶ್‌ಗಳು ಇನ್ನೂ ಎಂದಿನಂತೆಯೇ ಓಡಾಡುತ್ತಿದ್ದವು. ಥರ್ಮಾಮೀಟರ್ 30 ಡಿಗ್ರಿ ತೋರಿಸುತ್ತಿತ್ತು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಬಿಸಿಯಾದ ಮೀನಿನ ಮೈ ಹೆಚ್ಚು ಆಮ್ಲಜನಕ ಕೇಳುತ್ತದೆ. ಫಿಲ್ಟರಿನ ಹೊರಗಂಡಿಯ ಬಳಿ ಕೈಯಿಟ್ಟರೆ ನೀರು ಸಣ್ಣಗೆ ಬರುತ್ತಿತ್ತು, ಮೇಲ್ಮೈಯಲ್ಲಿ ಎಣ್ಣೆಯಂಥ ಪೊರೆ ನಿಂತಿತ್ತು. ಸ್ಪಂಜು ಕಟ್ಟಿಕೊಂಡಿತ್ತು. ಅದನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿ ಮತ್ತೆ ಹಾಕಿದೆ, ಏರ್ ಪಂಪ್ ಇಳಿಬಿಟ್ಟೆ, ಮುಚ್ಚಳ ತೆಗೆದು ಬಲೆ ಬಿಗಿದು ಮೇಲಿನಿಂದ ಫ್ಯಾನ್ ಹಚ್ಚಿದೆ. ನೀರು ಆವಿಯಾಗುತ್ತಾ ಸಂಜೆಯೊಳಗೆ ಎರಡು ಡಿಗ್ರಿ ಇಳಿಯಿತು. ಲೋಚ್ ಮರಳಿಗೆ ಮರಳಿತು. ನಳಿಗೆಯ ಬಣ್ಣ ಬದಲಾಗುವ ಮೊದಲೇ, ಗೋಲ್ಡ್‌ಫಿಶ್ ಬಾಯಿ ತೆರೆದು ಮೇಲೆ ಬರುವ ಮೊದಲೇ ನನಗೆ ಸುದ್ದಿ ಕೊಟ್ಟದ್ದು ಅದು.

ಹೆಸರಿನಲ್ಲಿ ವೆದರ್ ಇರುವುದೇ ಈ ಮೀನುಗಳಿಗೆ ಹವೆಯ ಒತ್ತಡ ಇಳಿಯುವುದು ತಿಳಿಯುತ್ತದೆ ಎಂಬ ಕಾರಣಕ್ಕೆ. ಯುರೋಪಿನಲ್ಲಿ ಇವುಗಳ ದಾಯಾದಿ ಜಾತಿಯನ್ನು ಹಿಂದೆ ಗಾಜಿನ ಪಾತ್ರೆಯಲ್ಲಿಟ್ಟು ಬಿರುಗಾಳಿಯ ಮುನ್ಸೂಚನೆಗೆ ನೋಡುತ್ತಿದ್ದರು. ನನ್ನ ಮನೆಯಲ್ಲೂ ಗುಡುಗು ಮಳೆಗೆ ಮೊದಲು ಮೂರೂ ಗಾಜಿಗೆ ಮೂತಿ ಹಚ್ಚಿ ಮೇಲೆ ಕೆಳಗೆ ಓಡಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಗೆಂದು ಪ್ರತಿ ಚಡಪಡಿಕೆಯನ್ನೂ ಮಳೆಯ ಲೆಕ್ಕಕ್ಕೆ ಹಾಕುವುದು ಅಪಾಯ. ಕೆಟ್ಟ ನೀರಿನಲ್ಲೂ ಅವು ಹೀಗೆಯೇ ಮಾಡುತ್ತವೆ. ಆದ್ದರಿಂದ ಲೋಚ್ ಕುಣಿದರೆ ನಾನು ಆಕಾಶ ನೋಡುವ ಮೊದಲು ನಳಿಗೆ ಹಿಡಿಯುತ್ತೇನೆ.

ಎರಡನೇ ವರ್ಷ ಚಳಿ ಕಳೆಯುವ ಹೊತ್ತಿಗೆ, ಜೊತೆಗಾರರಲ್ಲಿ ಒಂದರ ಕಿವಿರಿನ ಮುಚ್ಚಳದ ಮೇಲೆ ರವೆಯ ಕಾಳಿನಂಥ ಬಿಳಿ ಚುಕ್ಕೆಗಳು ಕಂಡವು. ಬಿಳಿಚುಕ್ಕೆ ರೋಗವೆಂದು ಹೆದರಿದೆ. ಅದರ ಔಷಧದಲ್ಲಿ ಮಲಕೈಟ್ ಗ್ರೀನ್ ಇತ್ತು, ಫಾರ್ಮಲಿನ್ ಇತ್ತು. ಚರ್ಮದಲ್ಲಿ ಹುದುಗಿದ ಅತಿ ಸಣ್ಣ ಹುರುಪೆಗಳ ಲೋಚ್‌ಗೆ ಇಂಥ ಔಷಧಗಳು ಬೇರೆ ಮೀನುಗಳಿಗಿಂತ ಬೇಗ ತಾಗುತ್ತವೆ. ಸೀಸೆಯ ಮುಚ್ಚಳ ತೆರೆದವಳು ನಿಂತು, ಭೂತಗನ್ನಡಿ ತಂದು ನೋಡಿದೆ. ಚುಕ್ಕೆಗಳು ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಯ ಮುಂದಿನ ಕಡ್ಡಿಯ ಮೇಲೆ ಮಾತ್ರ ಇದ್ದವು. ಎಲ್ಲವೂ ಒಂದೇ ಗಾತ್ರ, ಸಾಲಾಗಿ. ಬಾಲ ಸ್ವಚ್ಛ, ಬೆನ್ನು ಸ್ವಚ್ಛ. ರೋಗದ ಚುಕ್ಕೆಗಳಾಗಿದ್ದರೆ ಮೈತುಂಬ ಎಲ್ಲೆಂದರಲ್ಲಿ ಇರುತ್ತಿದ್ದವು, ಮೀನು ಮೈಯನ್ನು ಉಜ್ಜಿಕೊಳ್ಳುತ್ತಿತ್ತು. ಇವು ಗಂಡು ಗೋಲ್ಡ್‌ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಏಳುವ ಗುಳ್ಳೆಗಳು. ಸೀಸೆ ಮುಚ್ಚಿಟ್ಟೆ.

ಮೂರನೇ ಬೆಳಗಿನ ಜಾವ ನೀರಿನ ಸದ್ದಿಗೆ ಎಚ್ಚರವಾಯಿತು. ಆ ಗಂಡು ನನ್ನ ಹಳೆಯ ಮೀನನ್ನು ತೊಟ್ಟಿಯುದ್ದಕ್ಕೂ ಅಟ್ಟಿಸಿಕೊಂಡು, ಹೊಟ್ಟೆಗೆ ಮೂತಿಯಿಂದ ತಿವಿಯುತ್ತಿತ್ತು. ಗಿಡಗಳ ಮೇಲೆ ಮಿಲಿಮೀಟರ್ ಗಾತ್ರದ, ನಸುಹಳದಿ ಹರಳಿನಂಥ ಮೊಟ್ಟೆಗಳು ಅಂಟಿಕೊಂಡಿದ್ದವು. ಹೆತ್ತವರು ಆಗಲೇ ತಿನ್ನಲು ಶುರು ಮಾಡಿದ್ದರು, ಕೆಳಗೆ ಬಿದ್ದವನ್ನು ಲೋಚ್‌ಗಳ ಮೀಸೆ ಹುಡುಕುತ್ತಿತ್ತು. ಎರಡು ಗಿಡಗಳನ್ನು ಮಾತ್ರ ಎತ್ತಿ ಹಳೆಯ 40 ಲೀಟರಿನ ತೊಟ್ಟಿಗೆ ಸಾಗಿಸಿದೆ, ದೊಡ್ಡ ತೊಟ್ಟಿಯ ನೀರು ಮತ್ತು ಬ್ಯಾಕ್ಟೀರಿಯಾ ಬೇರೂರಿದ ಸ್ಪಂಜಿನೊಂದಿಗೆ. ಅರ್ಧಕ್ಕರ್ಧ ಮೊಟ್ಟೆ ಬೂಷ್ಟು ಹಿಡಿದು ಬಿಳಿಚಿಕೊಂಡವು. ನಾಲ್ಕನೇ ದಿನ ಉಳಿದವು ಒಡೆದವು. ರೆಪ್ಪೆಗೂದಲಿನಷ್ಟು ಸಣ್ಣ ಮರಿಗಳು ಎರಡು ದಿನ ಗಾಜಿಗೆ ಅಂಟಿಕೊಂಡೇ ಇದ್ದು, ಹೊಟ್ಟೆಯ ಕೆಳಗಿನ ಚೀಲದ ಪೋಷಣೆ ಮುಗಿಸಿ ಈಜತೊಡಗಿದವು. ಆಮೇಲೆ ದಿನಕ್ಕೆ ನಾಲ್ಕು ಸಲ ಅಪ್ಪಟ ಜೀವಂತ ಆಹಾರ, ಮೊದಲು ಹಸಿರು ನೀರಿನ ಸೂಕ್ಷ್ಮಜೀವಿಗಳು, ಬಳಿಕ ಬ್ರೈನ್ ಶ್ರಿಂಪ್ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಆಗತಾನೇ ಒಡೆದ ಮರಿಗಳು. ಮೂವತ್ತರ ಮೇಲಿದ್ದವು ಹನ್ನೊಂದಕ್ಕೆ ಬಂದು ನಿಂತವು.

ಅವುಗಳಲ್ಲಿ ಆರಕ್ಕೆ ಒಳ್ಳೆಯ ತೊಟ್ಟಿಯುಳ್ಳವರನ್ನು ಗೊತ್ತು ಮಾಡಿಟ್ಟಿದ್ದೇನೆ. ಹೆಚ್ಚಾದವನ್ನು ಕೆರೆಗೋ ಹೊಳೆಗೋ ಬಿಟ್ಟರಾಯಿತು ಎಂದವರಿಗೆ ಖಂಡಿತ ಬೇಡವೆಂದೆ. ಗೋಲ್ಡ್‌ಫಿಶ್ ಆಗಲಿ ಲೋಚ್ ಆಗಲಿ, ಹೀಗೆ ಬಿಟ್ಟ ಕಡೆಯೆಲ್ಲ ಬೇರೂರಿ ಅಲ್ಲಿನ ಮೂಲ ಮೀನುಗಳಿಗೆ ಕುತ್ತಾದ ದೇಶಗಳು ಹಲವು.

ಗೋಲ್ಡ್‌ಫಿಶ್ ಮರಿ ಹುಟ್ಟುವಾಗ ಹೊಂಬಣ್ಣದ್ದಲ್ಲ, ಕೆಸರಿನ ಬಣ್ಣದ್ದು. ಮೂರು ತಿಂಗಳಿಂದ ಹನ್ನೊಂದೂ ಬೂದುಗಂದಾಗಿಯೇ ಇವೆ. ನಿನ್ನೆ ಸಂಜೆ ನೀರು ಬದಲಾಯಿಸುವ ಮೊದಲು ಎಂದಿನಂತೆ 5 ಮಿಲಿಲೀಟರ್ ತೆಗೆದು, ಎಂಟೆಂಟು ಹನಿ ಹಾಕಿ, ನಳಿಗೆಯನ್ನು ಆ ತೊಟ್ಟಿಯ ಗಾಜಿನ ಪಕ್ಕದಲ್ಲೇ ನಿಲ್ಲಿಸಿದೆ. ಐದು ನಿಮಿಷವಾದರೂ ಹಳದಿ ಹಳದಿಯಾಗಿಯೇ ಇತ್ತು. ಮಗಳು ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದವಳು ನನ್ನ ಸೆರಗು ಎಳೆದಳು. ಮರಿಯೊಂದರ ಹೊಟ್ಟೆಯ ಅಂಚಿನಲ್ಲಿ, ಬೂದು ಬಣ್ಣದ ಕೆಳಗೆ, ಸಾಸಿವೆಯಗಲದಷ್ಟು ಜಾಗ ನಳಿಗೆಯ ನೀರಿನ ಬಣ್ಣಕ್ಕೆ ತಿರುಗಿತ್ತು.